ಹೆಂಗಸರ ಕಡೆ ಕೇಳಿಸ್ತಾ ಇದೆಯಾ?

ನಮ್ಮ ಮನೆತನದಲ್ಲಿ ನುಚ್ಚಿನುಂಡೆಯನ್ನು ಹಬೆಯಲ್ಲಿ ಬೇಯಿಸುವಾಗ ತಟ್ಟೆಯ ನಟ್ಟನಡುವೆ ಇಡುವ ಪದ್ಧತಿಯಿಲ್ಲ. ಸುತ್ತಲೂ ಜೋಡಿಸುತ್ತೇವೆ, ಆಚೆ ಜಾಗವಿದ್ದರೆ ಇನ್ನೊಂದು ಸುತ್ತು ಕೂರಿಸುತ್ತೇವೆ. ನಡುವನ್ನು ಮಾತ್ರ, ಯಾರೋ ದೊಡ್ಡವರು ಬಂದು ಕೂರುವವರಿದ್ದಾರೆ ಎನ್ನುವ ಹಾಗೆ ಖಾಲಿ ಬಿಡುತ್ತೇವೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತೇವೆ. ಹೊಳೆನರಸೀಪುರದ ವಿಮಲಕ್ಕ, ನಮ್ಮ ನಾಲ್ವರಲ್ಲಿ ದೊಡ್ಡವಳು, ತನ್ನ ಸೊಸೆಗೆ "ಅದು ಶಾಸ್ತ್ರ" ಅಂದಿದ್ದಾಳೆ. ಅರಕಲಗೂಡಿನ ಪದ್ಮಕ್ಕ "ನಡುವೆ ಇಟ್ಟರೆ ಯಜಮಾನರ ಆರೋಗ್ಯಕ್ಕೆ ಆಗಿಬರಲ್ಲ" ಅಂತ ಹೆದರಿಸಿಟ್ಟಿದ್ದಾಳೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಮೈಂಡ್ ಯು, ಇಂಥದ್ದಕ್ಕೆಲ್ಲ ಜಗ್ಗುವವಳಲ್ಲ. "ಹಬೆಯ ಸರ್ಕ್ಯುಲೇಷನ್ ಚೆನ್ನಾಗಿ ಆಗಲಿ ಅಂತ" ಎಂದು ಹಾಸನದ ನಮ್ಮ ಬೀದಿಗೆಲ್ಲ ಪಾಠ ಹೇಳಿಕೊಂಡು ಬಂದಿದ್ದೇನೆ. ಚನ್ನರಾಯಪಟ್ಟಣದ ಶಾರದೆ, ಕಿರಿಯವಳು, ಏನು ಹೇಳುತ್ತಾಳೋ ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ನಿಜವಾದ ಕಾರಣ ತೀರಾ ಸರಳ. ಅಮ್ಮನ ತಟ್ಟೆಗಳಿಗೆ ನಡುವೆ ದೊಡ್ಡ ತೂತಿತ್ತು. ಅಲ್ಲಿ ಉಂಡೆ ಇಟ್ಟರೆ ಕೆಳಗಿನ ನೀರಿಗೆ ಬೀಳುತ್ತಿತ್ತು. ಅಷ್ಟೇ. ತೂತಿಲ್ಲದ ಸ್ಟೀಲ್ ತಟ್ಟೆಗಳನ್ನು ತಂದ ಮೇಲೂ ನಾವು ಆ ಇಲ್ಲದ ತೂತನ್ನು ಭಯಭಕ್ತಿಯಿಂದ ಬಿಟ್ಟುಕೊಂಡೇ ಬಂದೆವು.

ಅಮ್ಮನ ತಟ್ಟೆ ಅಂದರೆ ಸಾಮಾನ್ಯ ತಟ್ಟೆಯಲ್ಲ. ಗೇಣಿಗಿಂತ ಸ್ವಲ್ಪ ಅಗಲದ, ತೆಳು ಅಲ್ಯೂಮಿನಿಯಂ ಬಿಲ್ಲೆ. ಮೈತುಂಬ ಸಾಸಿವೆಕಾಳು ಜಾರುವಷ್ಟು ಸಣ್ಣ ಕಣ್ಣುಗಳು, ಅಂಚಿಗೆ ಮೊಳೆ ಹೊಡೆಯಲೋ ಏನೋ ನಾಲ್ಕು ಕಿಂಡಿ, ನಡುವೆ ದುಂಡಗೆ ಕತ್ತರಿಸಿದ ಆ ತೂತು. ಒಟ್ಟು ಎಂಟು ಇದ್ದವು. ನಾಲ್ಕು ಹೆಣ್ಣುಮಕ್ಕಳಿಗೂ ಮದುವೆಯಾಗಿ ಹೊರಡುವಾಗ ಅಮ್ಮ ಎರಡೆರಡು ಕೊಟ್ಟಳು. ಒಬ್ಬೊಬ್ಬರ ಜೋಡಿಯ ತೂತು ಒಂದೊಂದು ಅಳತೆ. ವಿಮಲಕ್ಕನದು ಎಲ್ಲಕ್ಕಿಂತ ಚಿಕ್ಕದು, ಆದ್ದರಿಂದ ಅವಳ ತಟ್ಟೆಯಲ್ಲಿ ಉಂಡೆ ಹೆಚ್ಚು ಹಿಡಿಯುತ್ತಿತ್ತು. ಹಿರೀ ಸೊಸೆಯಾಗಿ ಹೋಗುವವಳು, ತುಂಬಿದ ಮನೆ, ಅವಳಿಗೆ ಅದು ಇರಲಿ ಅಂತ ಅಮ್ಮನ ಲೆಕ್ಕಾಚಾರ. ಪದ್ಮಕ್ಕನ ತೂತು ಇನ್ನಷ್ಟು ಅಗಲ, ನನ್ನದು ಅದಕ್ಕಿಂತ ಅಗಲ, ಶಾರದೆಯದಂತೂ ತಟ್ಟೆ ಅನ್ನುವುದಕ್ಕಿಂತ ಬಳೆ ಅನ್ನಬೇಕು, ಹಾಗಿತ್ತು.

ನನ್ನ ಜೋಡಿ ಎಂಟು ವರ್ಷದ ಹಿಂದೆ ಕಾಣೆಯಾಯಿತು. ಗೌರಿಹಬ್ಬದ ಮುಂಚೆ ಹುಡುಕಿದೆ, ಇಲ್ಲ. ಹಿಂದಿನ ತಿಂಗಳು ಶಾರದೆ ತನ್ನ ಯಜಮಾನರ ಕಣ್ಣಿನ ಆಪರೇಷನ್ ಅಂತ ಹಾಸನಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಳು. ನನ್ನ ತಲೆಯಲ್ಲಿ ಎರಡೂ ಎರಡೂ ಕೂಡಿ ನಾಲ್ಕು ತಟ್ಟೆಯಾಯಿತು. ಅಮ್ಮನ ವರ್ಷಾಬ್ದಿಕದ ದಿನ ವಿಮಲಕ್ಕನ ಮನೆಯಲ್ಲಿ, ಬಂಧುಬಳಗವೆಲ್ಲ ಎಲೆ ಮುಂದೆ ಕೂತಿದ್ದಾಗ, "ನುಚ್ಚಿನುಂಡೆ ತಿನ್ನೋಕೆ ನನಗೆಲ್ಲಿ ಯೋಗ? ನನ್ನ ತಟ್ಟೆಗಳಿಗೆ ಕಾಲು ಬಂದು ಚನ್ನರಾಯಪಟ್ಟಣಕ್ಕೆ ನಡೆದುಹೋಗಿವೆ" ಅಂದೆ. ತಮಾಷೆಗೆ ಅಂದದ್ದು ಅಂತ ಆಮೇಲೆ ಹೇಳಿಕೊಂಡೆ. ಶಾರದೆ "ನಾನು ಕಳ್ಳಿಯಾ?" ಅಂದಳು. ನಾನು "ಕಳ್ಳಿ ಅಲ್ಲದೆ ಇನ್ನೇನು" ಅಂದುಬಿಟ್ಟೆ. ಅವಳು ಎಲೆಯ ಮೇಲಿಂದ ಎದ್ದಳು. ಸಂಜೆಯ ಹೊತ್ತಿಗೆ ನಮ್ಮ ಅಕ್ಕತಂಗಿಯರ ವಾಟ್ಸಾಪ್ ಗ್ರೂಪಿನಲ್ಲಿ "ಶಾರದಾ ಲೆಫ್ಟ್" ಎಂದು ಬಂತು. ಆ ಎರಡು ಪದ ನೋಡಿದರೆ ಮನೆಯಿಂದಲೇ ಯಾರೋ ಎದ್ದು ಹೋದ ಹಾಗೆ ಇರುತ್ತದೆ, ನೋಡಿ.

ಇಷ್ಟು ಪೀಠಿಕೆ. ಈಗ ಹಾರ್ನಿನ ವಿಷಯಕ್ಕೆ ಬರುತ್ತೇನೆ.

ಹೋದ ಬೇಸಿಗೆ ವಿಮಲಕ್ಕನ ಫೋನು ಬಂತು. "ಸುಮಾ, ಸುಣ್ಣಬಣ್ಣ ಮಾಡಿಸ್ತಿದೀವಿ. ಅಟ್ಟದಿಂದ ಅಪ್ಪನ ಹಾರನ್ ಇಳಿಸಿದೀನಿ. ನಿನಗೆ ಬೇಕಾ, ಇಲ್ಲ ಅದರಲ್ಲಿ ತುಳಸಿ ನೆಡಲಾ?"

"ಅಯ್ಯೋ, ಡೋಂಟ್ ಟಚ್ ಇಟ್!" ಅಂದು ಬೆಳಗಿನ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋದೆ.

ಅಪ್ಪ ಒಂದು ಕಾಲದಲ್ಲಿ ಆ ಊರಿನಲ್ಲಿ ತಗಡಿನ ಟಾಕೀಸು ನಡೆಸುತ್ತಿದ್ದರು. ಪುರೋಹಿತರ ಮಗ ಸಿನಿಮಾ ತೋರಿಸುವುದೇ ಅಂತ ತಾತ ಆರು ತಿಂಗಳು ಮುಖ ಕೊಟ್ಟಿರಲಿಲ್ಲವಂತೆ. ಏಳನೇ ತಿಂಗಳು ಒಂದು ಭಕ್ತಿಪ್ರಧಾನ ಚಿತ್ರ ಬಂತು, ತಾತ ಮೊದಲ ಬೆಂಚಿನಲ್ಲಿದ್ದರು. ಅಪ್ಪನಿಗೆ ಫಿಲ್ಮ್ ಡಬ್ಬಗಳ ಮೇಲಿನ ಇಂಗ್ಲಿಷ್ ನೋಡಿ ನೋಡಿ ಆ ಭಾಷೆಯ ಮೇಲೆ ಮೋಹ. ನಾಲ್ವರಲ್ಲಿ ಒಬ್ಬಳಾದರೂ ಅದನ್ನು ಕಲಿಯಲಿ ಎಂದು ನನ್ನನ್ನು ಹಾಸನದ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಸಿಸ್ಟರ್ ಒಬ್ಬರು ಎಲಕ್ಯೂಷನ್ ಹೇಳಿಕೊಡುವಾಗ "ನಿನ್ನ ಧ್ವನಿ ಹಿಂದಿನ ಗೋಡೆಗೆ ತಲುಪಬೇಕು, ಚೈಲ್ಡ್" ಅನ್ನುತ್ತಿದ್ದರು. ನನ್ನ ಧ್ವನಿ ಅಲ್ಲಿಂದ ಮುಂದೆ ಎಲ್ಲ ಗೋಡೆಗಳನ್ನೂ ತಲುಪಿತು. ಸಂಸಾರಕ್ಕೆ ಅದು ಅಷ್ಟು ಒಳ್ಳೆಯದಲ್ಲ.

ಸಿನಿಮಾದ ಮಾತು ಹೊರಡುತ್ತಿದ್ದ ಆ ಹಾರ್ನು ಪರದೆಯ ಹಿಂದೆ ಇರುತ್ತಿತ್ತು. ಒಂದು ಮಗು ತಲೆ ತೂರಿಸಬಹುದಾದಷ್ಟು ದೊಡ್ಡ ಕಬ್ಬಿಣದ ಕಹಳೆ. (ತೂರಿಸಿದ ಮಗು ನಾನೇ. ಸೋಪು ಹಚ್ಚಿ ಬಿಡಿಸಿದರು.) ಅದನ್ನು ವಿಮಲಕ್ಕನ ಹಿತ್ತಿಲಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಬಾಯಿಯ ಅಂಚಿನಲ್ಲಿ ಒಂದು ಹಿತ್ತಾಳೆ ಪಟ್ಟಿ ಕಂಡಿತು. ಇಂಗ್ಲಿಷಿನಲ್ಲಿ ಪುಟ್ಟ ಅಕ್ಷರ. ಕನ್ನಡಕ ಏರಿಸಿ ಓದಿದೆ. ಲೆನ್ಸ್ ಇಲ್ಲದೆ ಇದನ್ನು ಬಳಸಬೇಡಿ ಅಂತಿತ್ತು.

ಕಹಳೆಗೆ ಎಂಥ ಲೆನ್ಸು? ಟ್ಯಾಬ್ ತೆಗೆದು ಹುಡುಕಿದೆ. ಹಳೆಯ ಹಾರ್ನುಗಳ ಹುಚ್ಚಿನವರು ಪ್ರಪಂಚದಲ್ಲಿ ಎಷ್ಟೊಂದು ಜನ ಇದ್ದಾರೆ ಅಂತೀರಿ! ಕಳೆದುಹೋದ ಲೆನ್ಸುಗಳಿಗೆ ತದ್ರೂಪಿ ಮಾಡಿಕೊಳ್ಳುವವರೂ ಇದ್ದಾರೆ. ಅವರ ಫೋಟೋ ಒಂದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದವಳು ಕಿರುಚಿಕೊಂಡೆ. ಕಣ್ಣುಕಣ್ಣಿನ ಅಲ್ಯೂಮಿನಿಯಂ ಬಿಲ್ಲೆಗಳು, ನಡುವೆ ತೂತು, ಅಂಚಿಗೆ ನಾಲ್ಕು ಕಿಂಡಿ, ಒಂದರ ಹಿಂದೆ ಒಂದು.

"ಅಕ್ಕಾ! ನಾವು ಐವತ್ತು ವರ್ಷದಿಂದ ಲೆನ್ಸಿನಲ್ಲಿ ನುಚ್ಚಿನುಂಡೆ ಬೇಯಿಸ್ತಾ ಇದೀವಿ!"

ಅಕ್ಕ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಲೆನ್ಸು ಅಂದರೆ? ಕನ್ನಡಕದ್ದಾ?"

"ಶಬ್ದದ ಲೆನ್ಸು ಕಣೆ."

"ಶಬ್ದಕ್ಕೂ ಕನ್ನಡಕ ಬಂತಾ? ಹಾಗಿದ್ರೆ ನನ್ನ ಕಿವಿಗೊಂದು ಹಾಕ್ಸು."

ನನಗೆ ಅರ್ಥವಾದಷ್ಟು ನಿಮಗೂ ಹೇಳುತ್ತೇನೆ. ಹಾರ್ನಿನಿಂದ ಬರುವ ಶಬ್ದ ಟಾರ್ಚಿನ ಬೆಳಕಿನ ಹಾಗೆ ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ಎದುರಿಗಿರುವವರಿಗೆ ಕಿವಿಗೆ ಚುಚ್ಚುತ್ತದೆ, ಬದಿಯವರಿಗೆ ಬರೀ ಗುಂಯ್. ಬಾಯಿಗೆ ಈ ಬಿಲ್ಲೆಗಳನ್ನು ಕಟ್ಟಿದರೆ, ನಡುವಿನ ಶಬ್ದ ತೂತಿನಲ್ಲಿ ಸಲೀಸಾಗಿ ದಾಟಿಬಿಡುತ್ತದೆ. ಅಂಚಿನ ಶಬ್ದ ಎಂಟೂ ಜರಡಿಗಳ ಕಣ್ಣುಗಳಲ್ಲಿ ನುಸುಳಿ ಬರಬೇಕು, ತುಸು ತಡವಾಗುತ್ತದೆ. ಆ ತಡದಿಂದಲೇ ಶಬ್ದದ ಅಲೆ ಉಬ್ಬಿಕೊಂಡು ಎರಡೂ ಬದಿಗೆ ಹರಡುತ್ತದೆ. ಅಂದರೆ ಆ ತೂತೇ ಲೆನ್ಸಿನ ಜೀವ.

ಇದನ್ನು ಕೇಳಿದ್ದೇ ವಿಮಲಕ್ಕ ಸೊಪ್ಪು ಕೆಳಗಿಟ್ಟಳು. "ಹಾಗಾದ್ರೆ ಅದು ಅಮ್ಮನಿಗೋಸ್ಕರ ತಂದಿದ್ದು ಕಣೆ" ಅಂದಳು.

ಟಾಕೀಸಿನಲ್ಲಿ ಗಂಡಸರು ನಡುವಿನ ಬೆಂಚುಗಳಲ್ಲಿ. ಹೆಂಗಸರ ಕಡೆ ಅನ್ನುವುದು ಎಡಗೋಡೆಯ ಬದಿಗೆ, ಮೊಣಕಾಲೆತ್ತರದ ಮೋಟುಗೋಡೆಯ ಆಚೆ. ಅಲ್ಲಿಗೆ ಚಿತ್ರ ಕಾಣುತ್ತಿತ್ತು, ಮಾತು ತಲುಪುತ್ತಿರಲಿಲ್ಲ. ಹಳೇಕೋಟೆಯಿಂದ ಗಾಡಿ ಕಟ್ಟಿಕೊಂಡು ಬಂದ ಹೆಂಗಸರಿಗೆ, ಮೂರು ಗಂಟೆಯ ಸಿನಿಮಾವನ್ನು ಗಂಡಂದಿರು ದಾರಿಯಲ್ಲಿ ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ಪ್ರೀತಿ ಮಾಡ್ದ. ಒದೆ ತಿಂದ. ಮದ್ವೆ ಆಯ್ತು." ಒಂದು ದಿನ ಅಮ್ಮ ಅಪ್ಪನಿಗೆ ಅಂದಳಂತೆ: "ನಿಮ್ಮ ಟಾಕೀಸಿನಲ್ಲಿ ನೋಡೋಕೆ ಮಾತ್ರ ನಮಗೆ ಟಿಕೀಟು. ಕೇಳೋ ಟಿಕೀಟು ಬೇರೆ ಇದೆಯಾ?" ಅಪ್ಪ ಮೈಸೂರಿಗೆ ಹೋದರು. ಸಾಮಾನು ಬದಲಾಯಿಸುತ್ತಿದ್ದ ಯಾವುದೋ ಥಿಯೇಟರಿನಿಂದ ಒಂದು ಗಂಟು ತಂದು ಹಾರ್ನಿನ ಬಾಯಿಗೆ ಕಟ್ಟಿದರು. ಆಮೇಲಿಂದ ಪ್ರತಿ ಆಟಕ್ಕೂ ಮುಂಚೆ ಮೈಕು ಹಿಡಿದು ಕೇಳುವುದು ಅವರ ವಾಡಿಕೆಯಾಯಿತು: "ಹೆಂಗಸರ ಕಡೆ ಕೇಳಿಸ್ತಾ ಇದೆಯಾ?"

ಇದು ನನಗೂ ನೆನಪಿದೆ. ತುಂಬಿದ ಸಭೆಯಲ್ಲಿ ಹೆಂಗಸರು "ಹ್ಞೂಂ" ಅಂತ ಕೂಗುವುದುಂಟೇ? ಕತ್ತಲಲ್ಲಿ ಅಮ್ಮ ಕೈ ಮೇಲೆತ್ತಿ ಬಳೆ ಆಡಿಸುತ್ತಿದ್ದಳು. ಗಾಜಿನ ಬಳೆಗಳ ಝಣಝಣ ಕೇಳಿದ ಮೇಲೆಯೇ ಅಪ್ಪ ಆಟ ಶುರು ಮಾಡಿಸುತ್ತಿದ್ದರು.

"ಮತ್ತೆ ಅಮ್ಮ ಅದನ್ನ ಬಿಚ್ಚಿದ್ದು ಯಾಕೆ?" ಅಂದೆ.

"ಟಾಕೀಸು ಮುಚ್ಚಿ ಹಾರನ್ನು ಮನೆಗೆ ಬಂತಲ್ಲ. ಇಷ್ಟು ಒಳ್ಳೆ ಜರಡಿ ಧೂಳು ತಿನ್ನುತ್ತೆ ಅಂತ ಸ್ಕ್ರೂ ಬಿಚ್ಚಿ, ಹುಣಸೆಹಣ್ಣು ಬೂದಿ ಹಾಕಿ ಮೇಲಿನ ಬಣ್ಣ ಎಲ್ಲಾ ಉಜ್ಜಿದ್ಳು. ಗಾಳಿಯಾಡೋಕೆ ಏನೋ ಇಟ್ಟಿರ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಅದರಲ್ಲಿ ಮೊದಲ ಸಲ ನುಚ್ಚಿನುಂಡೆ ಬೇಯಿಸಿ ಬಡಿಸಿದಾಗ ಅಪ್ಪ ಉಂಡೆ ಎತ್ತಿ ಅದರ ತಳದ ಚುಕ್ಕಿ ನೋಡಿದ್ರು. ಆಮೇಲೆ, ಹಾಗಾದ್ರೆ ಹೆಂಗಸರ ಕಡೆ ಇನ್ನು ಕೇಳಿಸೋದು ಬೇಡವೋ ಅಂದ್ರು. ಅಮ್ಮ, ನಾಲ್ಕು ಹೆಣ್ಣುಮಕ್ಕಳ ಮನೆ, ಕೇಳಿಸ್ತಾ ಇರೋದೇ ಹೆಚ್ಚಾಗಿದೆ ಅಂತ ಇನ್ನೆರಡು ಬಡಿಸಿದ್ಳು."

ಆ ಕ್ಷಣವೇ ಆ ಹಾರ್ನನ್ನು ಲೆನ್ಸಿನ ಸಮೇತ ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಜೊತೆಗೆ ಇನ್ನೊಂದು ಆಸೆಯೂ ಹುಟ್ಟಿತು, ಮುಚ್ಚಿಡುವುದಿಲ್ಲ. ತಟ್ಟೆಯ ಅಳತೆ ಬೇಕು ಅನ್ನುವ ನೆಪದಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ಶಾರದೆಯ ಅಡುಗೆಮನೆ ನೋಡಬಹುದು. ಅಲ್ಲಿ ಎರಡಲ್ಲ, ನಾಲ್ಕು ತಟ್ಟೆ ಇರುತ್ತವೆ. ಎಂಟು ವರ್ಷದ ಮೇಲಾದರೂ ನಾನು ಹೇಳಿದ್ದೇ ಸರಿ ಅಂತ ರುಜುವಾತಾಗುತ್ತದೆ. ವಯಸ್ಸು ಎಪ್ಪತ್ನಾಲ್ಕು, ಬುದ್ಧಿ ಮಾತ್ರ ಕಾನ್ವೆಂಟಿನ ಕ್ಲಾಸ್ ಲೀಡರಿನದು.

"ಅಕ್ಕ, ನಿನ್ನ ಎರಡು ತಟ್ಟೆ ಕೊಡು."

"ಕೊಡಲ್ಲ. ನಾಳೆ ನುಚ್ಚಿನುಂಡೆ ನಿನ್ನ ತಲೆ ಮೇಲೆ ಬೇಯಿಸಲಾ?"

ಅದಕ್ಕೇ ತದ್ರೂಪಿ ಮಾಡಿಸುವುದು ಅಂತಾಯಿತು. ದಿನಪತ್ರಿಕೆ ಹರವಿ, ತಟ್ಟೆ ಇಟ್ಟು, ಸುತ್ತ ಪೆನ್ಸಿಲ್ ಎಳೆದುಕೊಂಡೆ, ರಂಗೋಲಿ ಇಳಿಸಿಕೊಳ್ಳುವ ಹಾಗೆ. ಮುಂದಿನ ವಾರ ಅರಕಲಗೂಡಿಗೆ ಹೋದೆ. ಪದ್ಮಕ್ಕನ ಒಂದು ತಟ್ಟೆ ಸಂಡಿಗೆ ಒಣಗಿಸುತ್ತಿತ್ತು, ಇನ್ನೊಂದು ಹಾಲಿನ ಪಾತ್ರೆ ಮುಚ್ಚಿತ್ತು. ನಡುವಿನ ತೂತಿನಲ್ಲಿ ಬೆಕ್ಕು ಮುಖ ಹಾಕದ ಹಾಗೆ ಅದರ ಮೇಲೊಂದು ಲೋಟ. ಗಂಟೆಗಟ್ಟಲೆ ಪೆನ್ಸಿಲ್ ಹಿಡಿದು ಕೂತಿದ್ದ ನನ್ನನ್ನು ನೋಡಿ, "ನಿಮ್ಮ ಸಿಸ್ಟರುಗಳು ಇದನ್ನೇ ಕಲಿಸಿದ್ದಾ?" ಅಂದಳು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, "ಶಾರದೆ ಹತ್ರ ಹೋಗ್ತೀಯಲ್ಲ, ಪೊಲೀಸರ ಹಾಗೆ ಹೋಗ್ಬೇಡ" ಅಂದಳು. ಇವಳಿಗೆ ಹೇಗೆ ಗೊತ್ತಾಯಿತು ಅಂತ ಬಸ್ಸಿನುದ್ದಕ್ಕೂ ಯೋಚಿಸಿದೆ.

ಮಾಡಿಕೊಡುವವರು ಸಿಕ್ಕಿದ್ದು ಸಾಲಗಾಮೆ ರಸ್ತೆಯಲ್ಲಿ. ರುದ್ರಪ್ಪ ಅಂತ, ಅರವತ್ತು ದಾಟಿದವರು, ಕಾಫಿ ಬೀಜ ವಿಂಗಡಿಸುವ ಜರಡಿಗಳನ್ನು ಮಾಡುವ ಶೆಡ್ಡು. ತಗಡಿಗೆ ಸಾಲುಸಾಲು ಕಣ್ಣು ಹೊಡೆಯುವುದರಲ್ಲಿ ಅವರ ಕೈ ಪಳಗಿದೆ. ನನ್ನ ಪತ್ರಿಕೆಗಳನ್ನು ಬಿಚ್ಚಿ ನೋಡಿದರು.

"ಅಮ್ಮಾವ್ರೇ, ಇದ್ಯಾವ್ ಕಾಪಿಗೆ? ಅರೇಬಿಕಾಗಾ, ರೋಬಸ್ಟಾಗಾ?"

"ಕಾಫಿಗಲ್ಲ ರುದ್ರಪ್ಪ, ಮಾತಿಗೆ."

"ಮಾತಾ ಜರಡಿ ಇಡಿಯಾಕಾ?" ಅವರು ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಂಡರು. "ಅಂಗಾರೆ ನಮ್ಮನೆಗೂ ಒಂದು ಜೊತೆ ಒಡ್ಕತೀನಿ ಬಿಡಿ."

ನಾಲ್ಕು ದಿನ ಬಿಟ್ಟು ಹೋದರೆ, ವಿಮಲಕ್ಕನ ಜೋಡಿ, ಪದ್ಮಕ್ಕನ ಜೋಡಿ, ನಾಲ್ಕೂ ಥಳಥಳ ಹೊಳೆಯುತ್ತಾ ತಯಾರಾಗಿ ಕೂತಿವೆ. ಎತ್ತಿ ನೋಡುತ್ತೇನೆ, ನಡುವೆ ತೂತೇ ಇಲ್ಲ!

"ಮದ್ಯ ತೂತು ಬಿದ್ದೋಗಿತ್ತು ಅಮ್ಮಾವ್ರೇ, ಹಳೇ ಮಾಲಲ್ವಾ. ನಾನು ಪುಲ್ಲು ಮಾಡ್ಕೊಟ್ಟಿವ್ನಿ." ಮುಖದಲ್ಲಿ ಎಂಥ ಕರ್ತವ್ಯತೃಪ್ತಿ! ಅವರ ವೃತ್ತಿಧರ್ಮದಲ್ಲಿ ನಡುವೆ ತೂತಿರುವ ಜರಡಿ ಅಂದರೆ ರಿಪೇರಿಗೆ ಬಂದ ಜರಡಿ. ಆ ತೂತಿಗಾಗಿಯೇ ಉಳಿದದ್ದೆಲ್ಲ ಇರುವುದು ಅಂತ ತಿಳಿಸಿಹೇಳಲು ಎರಡು ಲೋಟ ಟೀ ಬೇಕಾಯಿತು. ಕೊನೆಗೆ ರುದ್ರಪ್ಪ, "ಜರಡಿ ಮಾಡದು ಎಂಗಾದ್ರೂ ಆಯ್ತದೆ. ತೂತು ಮಾಡದ್ರಲ್ಲಿ ಅಳ್ತೆ ತಪ್ಪಂಗಿಲ್ಲ ಅನ್ನಿ" ಅಂದರು. "ಮೂರ್ನೇ ಜೋಡಿದು ಎಷ್ಟು? ಅಂದಾಜ್ನಲ್ಲಿ ಒಡ್ದ್ಬುಡ್ಲಾ?"

ಮೂರನೆಯದು ನನ್ನದು. "ಬೇಡ, ತರ್ತೀನಿ. ಅದು ಎಲ್ಲಿದೆ ಅಂತ ನನಗೆ ಗೊತ್ತು" ಅಂದೆ.

ಚನ್ನರಾಯಪಟ್ಟಣದ ಮನೆಯ ಬಾಗಿಲು ತೆಗೆದದ್ದು ಶಾರದೆಯ ಯಜಮಾನರು, ರಂಗನಾಥ. ಪಾಪ, ನಿವೃತ್ತ ಮೇಷ್ಟ್ರು, ಜಗಳ ಕಂಡರೆ ಪಂಚಾಂಗ ಹಿಡಿದು ಕೂರುವವರು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡದೆ ಅವರಿಗೆ ಹೇಳಿದಳು: "ಕಾಫಿನೋ ಟೀನೋ ಅಂತ ಅವರನ್ನ ಕೇಳಿ."

"ಕಾಫಿನೋ ಟೀನೋ?" ಅಂದರು ರಂಗನಾಥ. ನಾನು ಅವರ ಎದುರು ಎರಡಡಿ ದೂರದಲ್ಲಿದ್ದೆ, ಶಾರದೆ ಐದಡಿ ದೂರದಲ್ಲಿದ್ದಳು.

"ಕಾಫಿ. ತಟ್ಟೆ ಒಂದು ನೋಡಬೇಕಿತ್ತು ಅಂತ ಹೇಳಿ."

"ಒಂದ್ಯಾಕೆ? ಅಡುಗೆಮನೆ ಪೂರ್ತಿ ನೋಡಲಿ ಅಂತ ಹೇಳಿ. ಕಪಾಟು, ಅಟ್ಟ, ಅಕ್ಕಿ ಡಬ್ಬ, ಎಲ್ಲಾ ಬೀಗ ತೆಗೆದಿದೀನಿ."

ನಿಜಕ್ಕೂ ತೆಗೆದಿಟ್ಟಿದ್ದಳು. ಪದ್ಮಕ್ಕನ ಫೋನು ಮೊದಲೇ ಬಂದಿರಬೇಕು. ನಾನು ಬೇಡ ಬೇಡ ಅನ್ನುತ್ತಲೇ ಒಳಗೆ ಹೋದೆ, ಅದು ನನ್ನ ಮರ್ಯಾದೆ. ಹಬೆ ಪಾತ್ರೆಯೊಳಗೆ ಬಳೆಯಂಥ ಎರಡು ತಟ್ಟೆ ಇದ್ದವು. ಅವಳದೇ. ಮೇಲೆ ನೋಡಿದೆ, ಕೆಳಗೆ ನೋಡಿದೆ. ಬೇರೆ ಎಲ್ಲೂ ಇಲ್ಲ.

"ಸಿಕ್ತಾ?" ಈ ಸಲ ನೇರವಾಗಿ ನನಗೇ ಬಂತು, ಎಂಟು ವರ್ಷದ ಮೊದಲ ಮಾತು. "ಈಗ ನಾನೊಂದು ಕೇಳ್ತೀನಿ. ನಿಮ್ಮ ಬಚ್ಚಲಲ್ಲಿ ದೊಡ್ಡದೊಂದು ನೀಲಿ ಟಬ್ ಇದೆಯಲ್ಲ, ಅದು ಎಲ್ಲಿಂದ ಬಂತು ಸುಮಕ್ಕ?"

ನೀಲಿ ಟಬ್ಬು. ಹಳೇ ಪಾತ್ರೆ ತಗೊಂಡು ಪ್ಲಾಸ್ಟಿಕ್ ಸಾಮಾನು ಕೊಡುವವನು ಸೈಕಲಿನಲ್ಲಿ ಬಂದಿದ್ದ. ಅವತ್ತು ನನಗೆ ಮನೆ ಚೊಕ್ಕಟ ಮಾಡುವ ಹುಕಿ. ಟ್ಯಾಬಿನಲ್ಲಿ ಯಾರೋ ಜಪಾನಿನ ಕಡೆಯವರು, ಸಂತೋಷ ಕೊಡದ ಸಾಮಾನನ್ನೆಲ್ಲ ಕೊಟ್ಟುಬಿಡಿ ಅಂತ ಹೇಳಿದ್ದರು. ಕಪಾಟಿನ ಮೂಲೆಯಿಂದ ಒಂದು ಚೀಲ ಎತ್ತಿ, ಬಿಚ್ಚಿಯೂ ನೋಡದೆ ಕೊಟ್ಟಿದ್ದೆ. ಗೇಟಿನ ಹತ್ತಿರ ಚೌಕಾಸಿ ಮಾಡಿದ ಜಯದಲ್ಲಿ ಟಬ್ಬನ್ನು ಕಿರೀಟದ ಹಾಗೆ ತಲೆಯ ಮೇಲಿಟ್ಟುಕೊಂಡು ಒಳಗೆ ಬಂದಿದ್ದೆ. ಶಾರದೆ ಜಗಲಿಯಲ್ಲಿ ಕೂತು ಅವಳ ಯಜಮಾನರ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಳು.

"ನೀನು ನೋಡಿದ್ಯಾ?"

"ಅವನು ಸೈಕಲಿಗೆ ಕಟ್ಟೋವಾಗ ನೋಡ್ದೆ. ಚೀಲದ ಬಾಯಿಂದ ಅಂಚು ಕಾಣಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಗೊತ್ತಿದ್ದೇ ಕೊಟ್ಟಿರ್ತೀಯ ಅಂದ್ಕೊಂಡೆ. ಇಂಗ್ಲಿಷ್ ಓದಿದವರಿಗೆ ಅಮ್ಮನ ತಟ್ಟೆ ಯಾಕೆ ಅಂತ. ಎಲೆ ಮುಂದೆ ಕೂತಾಗ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಕಳ್ಳಿ ಅಂದೆ. ಆಮೇಲೆ ಯಾಕೆ ಹೇಳ್ಬೇಕು? ನೀನೇ ಹುಡುಕ್ಕೊಂಡು ಬರ್ತೀಯ, ಬರಲಿ ಅಂತ ಇದ್ದೆ. ಎಂಟು ವರ್ಷ ತಗೊಂಡೆ ನೋಡು."

ಎಂಟು ವರ್ಷ ನಾನು ದಿನಾ ಬೆಳಿಗ್ಗೆ ಆ ಸಾಕ್ಷಿಯೊಳಗಿಂದಲೇ ನೀರು ತೋಡಿ ಸ್ನಾನ ಮಾಡಿದ್ದೆ.

"ಸಾರಿ, ಶಾರದಾ" ಅಂದೆ. "ಐ ಆಮ್ ಸೋ ಸಾರಿ."

"ಇಂಗ್ಲಿಷಿನಲ್ಲಿ ಬೇಡ. ಅದು ಬಸ್ಸಲ್ಲಿ ಕಾಲು ತುಳಿದಾಗ ಅನ್ನೋದು. ಕಳ್ಳಿ ಅಂತ ಕನ್ನಡದಲ್ಲಿ ಅಂದೆ, ಅಷ್ಟು ಜನರ ಮುಂದೆ. ತಪ್ಪಾಯ್ತು ಅಂತಾನೂ ಹಾಗೇ ಅನ್ನು. ಇಲ್ಲಿ ಈ ಮೂಲೇಲಿ, ಇವರ ಪಂಚಾಂಗದ ಮುಂದೆ ಬೇಡ."

ನಿಜ ಹೇಳುತ್ತೇನೆ, ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಸಾರಿ ಅನ್ನುವುದನ್ನು ಕಾನ್ವೆಂಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದೆವು, ಅದು ಕರವಸ್ತ್ರದ ಹಾಗೆ, ಒಗೆದರೆ ಹೋಯಿತು. ತಪ್ಪಾಯ್ತು ಅನ್ನುವುದನ್ನು ನನ್ನ ಜೀವಮಾನದಲ್ಲಿ ಯಾರಿಗಾದರೂ ಅಂದಿದ್ದೇನಾ ಅಂತ ಯೋಚಿಸಿದೆ. ದೇವರಿಗೆ ಅಂದಿದ್ದೇನೆ. ಅವನು ಎಂದೂ ಉತ್ತರ ಕೊಡುವುದಿಲ್ಲ, ಅನುಕೂಲ.

ಮಾತು ತಪ್ಪಿಸಲು ಪೆನ್ಸಿಲ್ ತೆಗೆದು ಶಾರದೆಯ ತಟ್ಟೆ ಇಳಿಸಿಕೊಂಡೆ. "ನನ್ನ ಜೋಡಿಯ ಅಳತೆ ಹೋಯ್ತು. ಇನ್ನು ಲೆನ್ಸು ಆಗಲ್ಲ" ಅಂದೆ.

"ಒಂಬತ್ತು" ಅಂದಳು ಶಾರದೆ.

"ಏನು ಒಂಬತ್ತು?"

"ನಿನ್ನ ತಟ್ಟೆಯಲ್ಲಿ ತೂತಿನ ಅಂಚಿಗೆ ಒಂಬತ್ತು ಉಂಡೆ ಕೂರ್ತಿತ್ತು, ಆಚೆಗೆ ಇನ್ನೊಂದಿಷ್ಟು ಜಾಗ. ನನ್ನದರಲ್ಲಿ ಹನ್ನೆರಡು ಅಂಚಿಗೇ ಮುಗೀತು, ಆಚೆ ಒಂದೂ ಇಲ್ಲ. ಮದುವೆ ದಿನವೇ ಎಣಿಸಿದ್ದೆ. ಸುಮಕ್ಕನಿಗೆ ಹಾಸ್ಟೆಲ್ಲು, ಸುಮಕ್ಕನಿಗೆ ಇಂಗ್ಲಿಷು, ತಟ್ಟೆಯಲ್ಲೂ ಸುಮಕ್ಕನಿಗೇ ಜಾಗ ಜಾಸ್ತಿ. ಇವತ್ತಿಗೂ ಮರ್ತಿಲ್ಲ."

ಹೊಟ್ಟೆಕಿಚ್ಚಿನಷ್ಟು ಕರಾರುವಾಕ್ಕಾದ ಅಳತೆಗೋಲು ಪ್ರಪಂಚದಲ್ಲಿ ಇನ್ನೊಂದಿಲ್ಲ. ನನ್ನ ಟ್ಯಾಬಿನಲ್ಲಿ ಇಲ್ಲದ ಅಂಕಿಯನ್ನು ನನ್ನ ತಂಗಿ ತನ್ನ ಹೊಟ್ಟೆಯೊಳಗೆ ಜೋಪಾನ ಮಾಡಿದ್ದಳು. ಬೇಳೆಯನ್ನೂ ನೆನೆಹಾಕಿದ್ದಳು, ಬರುತ್ತೇನೆಂದು ಗೊತ್ತಿತ್ತಲ್ಲ. ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಕಾಯಿ ಹಾಕಿ, ಅಮ್ಮನ ಅಳತೆಗೇ ಉಂಡೆ ಕಟ್ಟಿದಳು. ನಾಲ್ವರ ಅಂಗೈಯೂ ಆ ಒಂದು ವಿಷಯದಲ್ಲಿ ಒಂದೇ. ಒಂಬತ್ತು ಉಂಡೆಗಳನ್ನು ಪತ್ರಿಕೆಯ ಮೇಲೆ ಒಂದಕ್ಕೊಂದು ತಾಗಿಸಿ ದುಂಡಗೆ ಕೂರಿಸಿದೆವು. ನಡುವೆ ಉಳಿದ ಬಯಲಿಗೆ ಡಬ್ಬಿಗಳ ಮುಚ್ಚಳ ಇಟ್ಟು ಇಟ್ಟು ನೋಡಿದೆವು. ಇಂಗಿನ ಡಬ್ಬಿಯದು ಸಣ್ಣದಾಯಿತು, ಸಕ್ಕರೆಯದು ದೊಡ್ಡದು. ಕಾಫಿಪುಡಿ ಡಬ್ಬಿಯ ಮುಚ್ಚಳ ಒಂಬತ್ತು ಉಂಡೆಗೂ ತಾಗಿ ಕೂತಿತು.

ಅದನ್ನೇ ಕೈಚೀಲದಲ್ಲಿ ಹಾಕಿಕೊಂಡು ರುದ್ರಪ್ಪನವರ ಮುಂದೆ ಇಟ್ಟೆ. "ಇದಾ ಅಳ್ತೆ?" ಅಂದರು. "ಇದೇ. ಒಂಬತ್ತು ನುಚ್ಚಿನುಂಡೆ" ಅಂದೆ. ಅವರು ಇನ್ನೇನೂ ಕೇಳಲಿಲ್ಲ. ಆ ಹೊತ್ತಿಗೆ ಅವರು ನನ್ನ ವಿಷಯದಲ್ಲಿ ಆಶ್ಚರ್ಯಪಡುವುದನ್ನು ಬಿಟ್ಟಿದ್ದರು.

ಎಂಟು ಬಿಲ್ಲೆಗಳಾದವು. ಹೊರಗಡೆ ಎರಡೂ ಕೊನೆಗೆ ಶಾರದೆಯ ಜೋಡಿ, ಅದರೊಳಗೆ ನನ್ನದು, ಅದರೊಳಗೆ ಪದ್ಮಕ್ಕನದು, ನಡುಮಧ್ಯೆ ಬೆನ್ನಿಗೆ ಬೆನ್ನು ಕೊಟ್ಟು ವಿಮಲಕ್ಕನದು. ಒಂದಕ್ಕೊಂದು ತಾಗದ ಹಾಗೆ ರುದ್ರಪ್ಪ ಪೈಪಿನ ತುಂಡು ಕೊಟ್ಟು ಬೋಲ್ಟು ಬಿಗಿದರು. ತಾಗಿದರೂ ಕೆಲಸ ಕೆಡುತ್ತದೆ, ದೂರವಾದರೂ ಕೆಡುತ್ತದಂತೆ. ಇದನ್ನು ಅವರು ತಗಡಿನ ವಿಷಯವಾಗಿಯೇ ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಹೊಳೆನರಸೀಪುರದಲ್ಲಿ ಸೇರಿದೆವು. ಶಾರದೆ ಬರುತ್ತಾಳೋ ಇಲ್ಲವೋ ಅಂತ ಹತ್ತು ಗಂಟೆಯವರೆಗೂ ನನ್ನ ಕಣ್ಣು ಗೇಟಿನ ಮೇಲೇ ಇತ್ತು. ಬಂದಳು. ಬಂದವಳು ನನ್ನ ಹತ್ತಿರ ಬರದೆ, ಹಿತ್ತಿಲ ಎಡಗೋಡೆಯ ಬದಿಗೆ, ಹಾರ್ನಿನ ಬಾಯಿಂದ ಪೂರಾ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಕೂತಳು. ಗೋಡೆಯಾಚೆ ಪಕ್ಕದ ಮನೆಯ ನಂಜಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದಳು. ನಡುವಿನ ಬೆಂಚಿನಲ್ಲಿ ರಂಗನಾಥ, ವಿಮಲಕ್ಕನ ಮನೆಯವರೆಲ್ಲ, ಮತ್ತು ಅವತ್ತು ಎಲೆ ಮುಂದೆ ಕೂತಿದ್ದ ಬಂಧುಗಳಲ್ಲಿ ಕರೆದ ಮಾತಿಗೆ ಬಂದವರು ಎಂಟು ಹತ್ತು ಜನ. ಕರೆದವಳು ನಾನೇ. ಅಷ್ಟು ಧೈರ್ಯ ಮಾಡಿದ್ದೆ.

ಬಿಲ್ಲೆಗಳ ಜೊತೆ ಬಾಡಿಗೆಯ ಮೈಕ್ ಸೆಟ್ಟನ್ನೂ ತಂದಿದ್ದ ರುದ್ರಪ್ಪ ಅದನ್ನು ಹಾರ್ನಿಗೆ ಜೋಡಿಸಿ, ಮೊದಲು ಲೆನ್ಸ್ ಇಲ್ಲದೆ "ಅಲೋ, ಅಲೋ" ಅಂದರು. ನಡುವಿನ ಬೆಂಚಿನವರು ಕಿವಿ ಮುಚ್ಚಿಕೊಂಡರು. ಶಾರದೆ ಕಡೆ ನೋಡಿದೆ, ಕೇಳಿಸಲಿಲ್ಲ ಅಂತ ಕೈ ಅಲ್ಲಾಡಿಸಿದಳು. ಗೋಡೆಯಾಚೆ ಕುಟ್ಟುವ ಸದ್ದು ನಿಲ್ಲಲಿಲ್ಲ. ಆಮೇಲೆ ಬಿಲ್ಲೆಗಳನ್ನು ಬಿಗಿದರು. ಮತ್ತೆ "ಅಲೋ" ಅಂದರು. ಹೇಗೆ ಹೇಳಲಿ, ದನಿಯ ಮೊನೆಯನ್ನು ಯಾರೋ ಉಜ್ಜಿ ದುಂಡಗೆ ಮಾಡಿದ ಹಾಗಿತ್ತು. ಪದ್ಮಕ್ಕ "ಅಪ್ಪಾ" ಅಂದಳು, ಅಷ್ಟೇ. ವಿಮಲಕ್ಕ ಸೆರಗು ಮೂಗಿಗೆ ಹಿಡಿದಳು.

ಮೈಕು ನನ್ನ ಕೈಗೆ ಬಂತು. ಧ್ವನಿ ಹಿಂದಿನ ಗೋಡೆಗೆ ತಲುಪಬೇಕು, ಚೈಲ್ಡ್. ಆ ಹೊತ್ತಿಗೆ ನನ್ನ ಧ್ವನಿ ನನ್ನ ಹಲ್ಲುಗಳನ್ನೂ ತಲುಪುತ್ತಿರಲಿಲ್ಲ.

"ಶಾರದಾ," ಅಂದೆ, "ತಟ್ಟೆ ನೀನು ತಗೊಂಡಿರಲಿಲ್ಲ. ನಾನೇ ಟಬ್ಬಿಗೆ ಕೊಟ್ಟಿದ್ದೆ. ತಪ್ಪಾಯ್ತು." ಮುಂದೆ ಏನು ಮಾಡಬೇಕೋ ತಿಳಿಯದೆ, ಅಪ್ಪನ ಮಾತನ್ನೇ ಸೇರಿಸಿದೆ: "ಹೆಂಗಸರ ಕಡೆ ಕೇಳಿಸ್ತಾ ಇದೆಯಾ?"

ಶಾರದೆ ಕಿವಿಗೆ ಕೈ ಹಿಡಿದಳು. "ಇಲ್ಲ. ಇನ್ನೊಂದ್ಸಲ."

ಕೇಳಿಸಿತ್ತು. ಮೂಗಿನ ತುದಿ ಕೆಂಪಾಗಿತ್ತು, ನಾನು ನೋಡಿದೆ. ಆದರೂ ಇನ್ನೊಂದು ಸಲ ಹೇಳಿದೆ, ಈ ಸಲ ಸ್ವಲ್ಪ ಸುಲಭವಾಯಿತು.

"ಊಹೂಂ. ಟಬ್ಬಿನ ತನಕ ಕೇಳಿಸ್ತು. ಅದಾದ ಮೇಲಿಂದು ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ ಕಣೆ!"

ಗೋಡೆಯಾಚೆ ಕುಟ್ಟುವ ಸದ್ದು ನಿಂತಿತು. ನಂಜಮ್ಮನ ತಲೆ ಮೇಲೆ ಬಂತು. "ಬೀದಿಗೆಲ್ಲಾ ಕೇಳುಸ್ತು ಕಣ್ರವ್ವಾ, ತಪ್ಪಾಯ್ತಂತೆ! ಮೂರು ಸಲ ಏಳವ್ರೆ, ನಾನೇ ಸಾಕ್ಸಿ. ಒಪ್ಕಬುಡಿ ಅತ್ಲಾಗೆ!"

ಎಲ್ಲರೂ ನಕ್ಕರು, ಶಾರದೆ ನಗಲಿಲ್ಲ. ನನ್ನ ಕಡೆ ನೋಡದೆಯೇ ಬಲಗೈ ಮೇಲೆತ್ತಿದಳು. ತಲೆಗಿಂತ ಮೇಲಕ್ಕೆ, ಅಮ್ಮ ಎತ್ತುತ್ತಿದ್ದಷ್ಟೇ ಎತ್ತರಕ್ಕೆ ಎತ್ತಿ, ಬಳೆ ಆಡಿಸಿದಳು.